ಕತೆ, ಕತ್ತೆ ಮತ್ತು ನನ್ನ ಜಪಾನೀಸ್

ಮೈಸೂರಿನ ಗೋಕುಲಂನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅಗಲ ಎಂಟಡಿ, ಉದ್ದ ಹತ್ತಡಿ. ಒಂದು ಮೆಷಿನ್ನು, ಒಂದು ಕಂಪ್ಯೂಟರು, ಲ್ಯಾಮಿನೇಷನ್ನು, ಒಂದಷ್ಟು ಪೆನ್ನು ಪುಸ್ತಕ. ನಲವತ್ಮೂರನೇ ವಯಸ್ಸಿಗೆ ನಾನು ಜಪಾನೀಸ್ ಕಲಿಯಲು ಶುರು ಮಾಡಿದ್ದು ಇಲ್ಲೇ, ಮೆಷಿನ್ನು ಹಾಳು ಮಾಡಿ ಉಗುಳಿದ ಹಾಳೆಗಳ ಹಿಂಬದಿಯಲ್ಲಿ. ಕೆಲಸಕ್ಕೆ ಬೇಕು ಅಂತಲ್ಲ, ಜಪಾನಿಗೆ ಹೋಗಬೇಕು ಅಂತಲೂ ಅಲ್ಲ. ಯಾಕೆ ಅಂತ ಹೆಂಡತಿ ಕೇಳಿದಾಗ ಸರಿಯಾದ ಉತ್ತರ ಕೊಡಲು ಆಗಲಿಲ್ಲ. ಬೇರೆಯವರು ಭಾನುವಾರ ಕ್ರಿಕೆಟ್ ನೋಡುತ್ತಾರೆ, ನಾನು ಇದನ್ನು ಮಾಡುತ್ತೇನೆ, ಅಷ್ಟೇ.

ಅಷ್ಟಾಂಗ ಯೋಗ ಕಲಿಯಲು ಗೋಕುಲಂಗೆ ಎಲ್ಲಾ ದೇಶದವರೂ ಬರುತ್ತಾರೆ. ಪಾಸ್‌ಪೋರ್ಟು, ವೀಸಾ, ಬಾಡಿಗೆ ಕರಾರು ಹಿಡಿದುಕೊಂಡು ನನ್ನ ಅಂಗಡಿಗೂ ಬರುತ್ತಾರೆ. ಕೋವಿಡ್ ಗಲಾಟೆ ಮುಗಿದು ಅವರೆಲ್ಲ ಮತ್ತೆ ಕಾಣಿಸಿಕೊಳ್ಳತೊಡಗಿದ್ದ 2022ರ ಕೊನೆ. ಜಪಾನಿನ ಒಬ್ಬರು ಹೆಂಗಸು, ಸುಮಾರು ಐವತ್ತು ವರ್ಷದವರು, ಪಾಸ್‌ಪೋರ್ಟ್ ಕಾಪಿ ಮಾಡಿಸಲು ಬಂದರು. ಮೆಷಿನ್ನಲ್ಲಿ ಪೇಪರ್ ಸಿಕ್ಕಿಕೊಂಡಿತು. ನಾನು ಬಾಗಿಲು ಬಿಚ್ಚಿ ಹಾಳೆ ಎಳೆಯುತ್ತಿದ್ದರೆ ಅವರು ಸ್ಟೂಲ್ ಮೇಲೆ ಕೂತು ಡೈರಿಯಲ್ಲಿ ಏನೋ ಬರೆಯುತ್ತಿದ್ದರು. ಅಕ್ಷರ ನೋಡಿ ಇದೇನು ಅಂತ ಕೈಸನ್ನೆಯಲ್ಲೇ ಕೇಳಿದೆ. ಕಸದ ಬುಟ್ಟಿಯಿಂದ ಒಂದು ಹಾಳೆ ಎತ್ತಿಕೊಂಡು ಸಾಲಾಗಿ ಬರೆದು, ಬೆರಳಿಟ್ಟು ಓದಿದರು. ಅ, ಇ, ಉ, ಎ, ಒ. ಅದರ ಪಕ್ಕ ಇನ್ನೊಂದು ಸಾಲು. ಕ, ಕಿ, ಕು, ಕೆ, ಕೊ.

ಅರೆ, ಇದು ಕಾಗುಣಿತ ಅಲ್ವಾ!

ಮೂರನೇ ಸಾಲಿಗೆ ಅವರು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ. ಸ, ಸಿ, ಸು, ಸೆ, ಸೊ. ಅವರು ನಕ್ಕು ತಿದ್ದಿದರು. ಸ, ಶಿ, ಸು, ಸೆ, ಸೊ. ‘ಸಿ’ ಅವರ ಹತ್ತಿರ ಇಲ್ಲ. ‘ತಿ’ ಕೂಡ ಇಲ್ಲ, ಅಲ್ಲಿ ‘ಚಿ’. ‘ತು’ ಜಾಗದಲ್ಲಿ ‘ತ್ಸು’. ಉಳಿದಂತೆ ಇಡೀ ಹಾಳೆ ನನ್ನ ಒಂದನೇ ಕ್ಲಾಸಿನ ಗೋಡೆಯ ಮೇಲಿದ್ದ ಚಾರ್ಟಿನ ತಮ್ಮನ ಹಾಗೆ ಕಂಡಿತು.

ಮದ್ದೂರು ತಾಲೂಕಿನ ಒಂದು ಹಳ್ಳಿ ನಮ್ಮದು. ಎರಡು ಕೋಣೆಯ ಸರ್ಕಾರಿ ಶಾಲೆ. ಒಂದನೇ ಕ್ಲಾಸಲ್ಲಿ ಸ್ಲೇಟು ಬಳಪ, ಒರೆಸಲು ತೊಂಡೆ ಸೊಪ್ಪು. ಮೇಷ್ಟ್ರು ಕೋಲು ಹಿಡಿದು ಚಾರ್ಟ್ ಮುಟ್ಟುತ್ತಿದ್ದರು, ನಾವು ರಾಗವಾಗಿ ಕೂಗುತ್ತಿದ್ದೆವು. ‘ಕ ತಲಕಟ್ಟು ಕ, ಕ ದೀರ್ಘ ಕಾ, ಕ ಗುಡಿಸು ಕಿ...’ ಊರಾಚೆ ಗದ್ದೆಯಲ್ಲಿ ಕೆಲಸ ಮಾಡುವವರಿಗೂ ಕೇಳುತ್ತಿತ್ತಂತೆ. ಆ ರಾಗ ಮೂವತ್ತೈದು ವರ್ಷ ಎಲ್ಲೋ ಮಲಗಿತ್ತು. ಆವತ್ತು ಪೇಪರ್ ಜಾಮ್ ನಡುವೆ ಎದ್ದು ಕೂತಿತು.

ಮನೆಗೆ ಹೋಗಿ ಹುಡುಕಿದೆ. ಜಪಾನಿನ ಅಕ್ಷರಮಾಲೆಯ ಸಾಲು ಹೀಗೆ ಹೋಗುತ್ತದೆ: ಅ, ಕ, ಸ, ತ, ನ, ಹ, ಮ, ಯ, ರ, ವ. ನಮ್ಮದರಲ್ಲಿ ಕ, ಚ, ಟ, ತ, ಪ ವರ್ಗ, ಆಮೇಲೆ ಯ, ರ, ಲ, ವ. ಹ ಮಾತ್ರ ಅವರಲ್ಲಿ ನ ಮತ್ತು ಮ ನಡುವೆ ಯಾಕೆ ಬಂತು? ಹಿಂದೆ ಅವರ ಹ ಕೂಡ ಪ ಆಗಿತ್ತಂತೆ. ಅಂದರೆ ತ, ನ, ಪ, ಮ. ಸರಿಯಾಗಿ ನಮ್ಮದೇ ಜಾಗ! ಹಳಗನ್ನಡದ ಪಾಲು, ಪೂವು ಎಲ್ಲ ಹಾಲು, ಹೂವು ಆದವಲ್ಲ, ಅದೇ ಕತೆ ಅಲ್ಲೂ. ಈ ಅನುಕ್ರಮ ಕಾಕತಾಳೀಯವೂ ಅಲ್ಲ. ಸಂಸ್ಕೃತ ಮಂತ್ರಗಳನ್ನು ಓದಲು ಜಪಾನಿನ ಬೌದ್ಧ ಭಿಕ್ಷುಗಳು ಸಿದ್ಧಂ ಅನ್ನುವ ಭಾರತದ ಹಳೇ ಲಿಪಿ ಕಲಿತಿದ್ದರು. ಆ ವರ್ಣಮಾಲೆಯ ಅಚ್ಚಿನಲ್ಲೇ ತಮ್ಮ ಅಕ್ಷರಗಳನ್ನೂ ಜೋಡಿಸಿಕೊಂಡರು. ಜಪಾನೀಸ್ ನಿಘಂಟು ಇವತ್ತಿಗೂ ಆ ಸಾಲಿನಲ್ಲೇ ಇರುತ್ತದೆ.

ಇಷ್ಟು ತಿಳಿದ ಮೇಲೆ ನಾನು ನೇರ ದಾರಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಎಲ್ಲರಂತೆ ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ. ಅದು ಇಂಗ್ಲಿಷ್ ಮೂಲಕ ಕಲಿಸುತ್ತಿತ್ತು. ಎರಡು ತಿಂಗಳು ಒದ್ದಾಡಿದೆ. ಜಪಾನೀಸ್ ಒಂದು ವಾಕ್ಯ, ಅದರ ಇಂಗ್ಲಿಷು, ಅದನ್ನು ನಾನು ತಲೆಯಲ್ಲಿ ಕನ್ನಡಕ್ಕೆ ತಿರುಗಿಸಬೇಕು. ಇಂಗ್ಲಿಷ್ ವಾಕ್ಯ ಓದಿ ಜಪಾನೀಸ್ ಪದ ಜೋಡಿಸು ಅಂದರೆ ಕೈ ನಡುಕ.

ಆ ನಡುಕ ಹಳೇದು. ನಮ್ಮ ಕಾಲದಲ್ಲಿ ಕನ್ನಡ ಮೀಡಿಯಂನವರಿಗೆ ಎ ಬಿ ಸಿ ಡಿ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿಗೆ. ಎಸ್ಸೆಸ್ಸೆಲ್ಸಿವರೆಗೆ ಗೈಡ್ ಬಾಯಿಪಾಠ ಮಾಡಿ ದಾಟಿದೆ. ಪಿಯುಸಿಗೆ ಪಟ್ಟಣ ಸೇರಿದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಬೆಂಚಿನವರು ನಗುತ್ತಿದ್ದರು, ನಾನು ಯಾಕೆ ನಗಬೇಕು ಅಂತ ಗೊತ್ತಾಗದೆ ಅರ್ಧ ನಿಮಿಷ ತಡವಾಗಿ ನಗುತ್ತಿದ್ದೆ. ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದೆ. ಎರಡನೇ ಸಲ ಪಾಸಾದೆ, ಆದರೆ ಆಮೇಲೆ ಓದುವ ಆಸೆ ಉಳಿಯಲಿಲ್ಲ. ಭಾಷೆ ಕಲಿಯೋದು ನನ್ನ ಹಣೆಯಲ್ಲಿ ಬರೆದಿಲ್ಲ ಅಂತ ಅಂದುಕೊಂಡು ಇಪ್ಪತ್ತೈದು ವರ್ಷ ಕಳೆದೆ.

ಆ್ಯಪ್ ತೆಗೆದುಹಾಕಿದ್ದು ಒಂದು ವಾಕ್ಯದ ದೆಸೆಯಿಂದ. ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು, ಸುಮ್ನೆ ನೋಡೋಣ ಅಂತ, ಜಪಾನೀಸ್ ಪದಗಳ ಕೆಳಗೆ ನೇರವಾಗಿ ಕನ್ನಡ ಬರೆದೆ. ‘ಹಹಾ ವಾ ರೊಕುಜಿ ನಿ ಬಸು ದೆ ಮೈಸೂರು ನಿ ಕಿಮಾಶಿತಾ.’ ಹಹಾ ಅಂದರೆ ಅವ್ವ. ರೊಕುಜಿ ನಿ, ಆರು ಗಂಟೆಗೆ. ಬಸು ದೆ, ಬಸ್ಸಲ್ಲಿ. ಮೈಸೂರು ನಿ, ಮೈಸೂರಿಗೆ. ಕಿಮಾಶಿತಾ, ಬಂದಳು. ಅವ್ವ ಆರು ಗಂಟೆಗೆ ಬಸ್ಸಲ್ಲಿ ಮೈಸೂರಿಗೆ ಬಂದಳು. ಒಂದು ಪದವೂ ಜಾಗ ಬಿಟ್ಟು ಕದಲಲಿಲ್ಲ! ‘ಗಂಟೆಗೆ’ ಮತ್ತು ‘ಮೈಸೂರಿಗೆ’ ಎರಡಕ್ಕೂ ನಮ್ಮದು ಒಂದೇ ‘ಗೆ’, ಅವರದ್ದು ಒಂದೇ ‘ನಿ’. ‘ಬಸ್ಸಲ್ಲಿ ಹೋಗು’, ‘ಹೋಟ್ಲಲ್ಲಿ ತಿನ್ನು’ ಎರಡಕ್ಕೂ ನಮ್ಮದು ‘ಅಲ್ಲಿ’, ಅವರದ್ದು ‘ದೆ’. ಇಂಗ್ಲಿಷಿನಲ್ಲಿ ಇವಕ್ಕೆಲ್ಲ ಬೇರೆ ಬೇರೆ ಪದ ನೆನಪಿಡಬೇಕು, ಅದೂ ಹೆಸರಿನ ಮುಂದೆ ಹಾಕಬೇಕು.

ಆವತ್ತು ರಾತ್ರಿ ಹನ್ನೊಂದೂವರೆವರೆಗೆ ಕೂತಿದ್ದೆ. ‘ನಾನು ನಿನ್ನೆ ತಿಂದ ದೋಸೆ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಲು ನಮ್ಮ ಮೇಷ್ಟ್ರು ಒಂದು ವಾರ ಪಾಠ ಮಾಡಿದ್ದರು. ಜಪಾನೀಸಿನಲ್ಲಿ ‘ವಾತಾಶಿ ಗ ಕಿನೋ ತಬೆತ ದೋಸೆ’. ನಾನು, ನಿನ್ನೆ, ತಿಂದ, ದೋಸೆ. ಮುಗಿಯಿತು.

ಇನ್ನೂ ಮಜಾ ಇರೋದು ಜೋಡಿ ಕ್ರಿಯಾಪದಗಳಲ್ಲಿ. ‘ತಬೆತೆ’ ಅಂದರೆ ತಿಂದು. ‘ಮಿರು’ ಅಂದರೆ ನೋಡು. ‘ತಬೆತೆ ಮಿರು’ ಅಂದರೆ ತಿಂದು ನೋಡು, ರುಚಿ ನೋಡು ಅನ್ನುವ ಅರ್ಥದಲ್ಲೇ. ‘ಒಕು’ ಅಂದರೆ ಇಡು. ‘ಶಿತೆ ಒಕು’ ಅಂದರೆ ಮಾಡಿಡು, ಮುಂದಕ್ಕೆ ಬೇಕಾಗುತ್ತೆ ಅಂತ ಈಗಲೇ ಮಾಡಿಡುವುದು. ‘ತಬೆತೆ ಶಿಮಾವು’ ಅಂದರೆ ತಿಂದುಬಿಡು. ‘ಕೈತೆ ಅಗೆರು’ ಅಂದರೆ ಬರೆದುಕೊಡು. ‘ತಬೆತೆ ಇರು’ ಅಂದರೆ ತಿನ್ನುತ್ತಾ ಇರು. ಹೌದು, ಅವರ ‘ಇರು’ ಕೂಡ ‘ಇರು’ವೇ! ಜೀವ ಇರುವುದಕ್ಕೆ ಮಾತ್ರ ‘ಇರು’, ಕುರ್ಚಿ ಮೇಜಿಗೆ ‘ಅರು’. ‘ದಾರೆ’ ಅಂದರೆ ಯಾರು, ‘ದಾರೆಕ’ ಯಾರೋ, ‘ದಾರೆಮೊ’ ಯಾರೂ. ಮಾತಿನ ಕೊನೆಗೆ ಅವರು ಹಾಕುವ ‘ನೆ’ಗೆ ನಮ್ಮ ‘ಅಲ್ವಾ’ಗಿಂತ ಒಳ್ಳೆ ಅನುವಾದ ಇಲ್ಲ.

ಇದನ್ನೆಲ್ಲ ಹೇಳಿದರೆ ಕೆಲವರು ‘ಹಂಗಾದ್ರೆ ಜಪಾನೀಸು ಕನ್ನಡದಿಂದಲೇ ಹುಟ್ಟಿದ್ದು’ ಅಂತ ಶುರು ಮಾಡುತ್ತಾರೆ. ದಯವಿಟ್ಟು ಬೇಡ. ಸುಸುಮು ಓನೋ ಎಂಬ ಜಪಾನಿನ ಭಾಷಾತಜ್ಞರು ತಮಿಳಿಗೂ ಜಪಾನೀಸಿಗೂ ನಂಟಿದೆ ಅಂತ ವಾದಿಸಿದ್ದರು. ಹೆಚ್ಚಿನ ವಿದ್ವಾಂಸರು ಒಪ್ಪಿಲ್ಲ. ‘ಇರು’ ಒಂದೇ ಥರ ಇದೆ ಅಂತ ನೆಂಟಸ್ತನ ಕಟ್ಟಿದರೆ, ಅವರ ‘ಸಾಕು’ ಅಂದರೆ ಹೂವು ಅರಳು, ‘ಅನೆ’ ಅಂದರೆ ಅಕ್ಕ, ‘ನಿರು’ ಅಂದರೆ ಬೇಯಿಸು. ಅದಕ್ಕೇನು ಹೇಳೋದು? ನನಗೆ ಬೇಕಿದ್ದದ್ದು ನೆಂಟಸ್ತನ ಅಲ್ಲ, ಹತ್ತಲು ಒಂದು ಏಣಿ. ಅದು ಸಿಕ್ಕಿತು.

ಉಚ್ಚಾರಣೆಯಲ್ಲೂ ಅಷ್ಟೇ. ಜಪಾನೀಸಿನಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಮಾನ ಹೋಗುತ್ತದೆ. ‘ಒಬಸಾನ್’ ಅಂದರೆ ಚಿಕ್ಕಮ್ಮ, ‘ಒಬಾಸಾನ್’ ಅಂದರೆ ಅಜ್ಜಿ. ಬಳೆ ಮತ್ತು ಬಾಳೆ ಬೇರೆ ಬೇರೆ ಅಂತ ಗೊತ್ತಿರುವ ನಮಗೆ ಇದು ಯಾವ ಲೆಕ್ಕ? ಸೊನ್ನೆಯೂ ಇದೆ. ನಾವು ಪಂಪ, ಅಂದ, ಅಂಕ ಅಂತ ಒಂದೇ ಸೊನ್ನೆ ಬರೆದು ಮೂರು ಥರ ಓದುತ್ತೇವಲ್ಲ, ಅವರೂ ಒಂದೇ ಅಕ್ಷರವನ್ನು ಹಾಗೇ ಓದುತ್ತಾರೆ. ‘ಸಂಪೊ’ ಅಂದರೆ ವಾಕಿಂಗು, ಅಲ್ಲಿ ಮ್. ‘ಸಂಕ’ ಅಂದರೆ ಭಾಗವಹಿಸುವುದು, ಅಲ್ಲಿ ಙ್. ಇದನ್ನು ಯಾರೂ ನನಗೆ ಕಲಿಸಲೇ ಇಲ್ಲ, ಬಾಯಿಗೆ ತಾನಾಗಿ ಬಂತು.

ಒತ್ತಕ್ಷರದ ಕತೆ ಮಾತ್ರ ಬೇರೆ. ಚಿಕ್ಕದಾಗಿ ಒಂದು ‘ತ್ಸು’ ಬರೆದರೆ ಮುಂದಿನ ಅಕ್ಷರಕ್ಕೆ ಒತ್ತು ಬಂತು ಅಂತ. ‘ಕಿತೆ’ ಅಂದರೆ ಬಂದು. ‘ಕಿತ್ತೆ’ ಅಂದರೆ ಅಂಚೆ ಚೀಟಿ. ಅದನ್ನು ಬರೆಯುವಾಗ ಮೂರನೇ ಕ್ಲಾಸಿನ ಮೇಷ್ಟ್ರು ಕಿವಿ ಹಿಂಡಿದ್ದು ನೆನಪಾಯಿತು. ಮೊಲ ಆಮೆ ಕತೆ ಬರೆಯಿರಿ ಅಂದಿದ್ದರು. ನಾನು ಮೇಲೆ ದಪ್ಪಕ್ಷರದಲ್ಲಿ ‘ಮೊಲ ಆಮೆ ಕತ್ತೆ’ ಅಂತ ತಲೆಬರಹ ಕೊಟ್ಟಿದ್ದೆ. ‘ಕತೆ ಬರಿಯೋ ಅಂದ್ರೆ ಕತ್ತೆ ಬರ್ದಿದ್ದೀಯಲ್ಲೋ ಕತ್ತೆ! ಮೂರನೇದು ಯಾವಾಗ ಬಂತೋ ರೇಸಿಗೆ?’ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಎರಡೂ ಪದ ನೂರು ನೂರು ಸಲ ಬರೆಸಿದರು. ಜಪಾನೀಸ್ ಒತ್ತು ನಾನು ಒಂದು ಸಲವೂ ತಪ್ಪಿಲ್ಲ.

ಮಾತಾಡುವುದರಲ್ಲಿ ಮಾತ್ರ ಚೆನ್ನಾಗಿ ಎಡವಿದೆ. ಆ ಯೋಗದ ಹೆಂಗಸು ಮತ್ತೆ ಬಂದಾಗ ಎದೆಯುಬ್ಬಿಸಿ ನನ್ನ ಪರಿಚಯ ಹೇಳಿಕೊಂಡೆ. ಹೆಸರಿನ ಹಿಂದೆ ‘ಸಾನ್’ ಸೇರಿಸಿದೆ. ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ‘ಸಾನ್’ ಬೇರೆಯವರಿಗೆ ಹಾಕುವ ಮರ್ಯಾದೆ. ನಾನು ಹೇಳಿದ್ದು ‘ನಾನು ರಾಯರು’ ಅಂದ ಹಾಗಾಯಿತು. ಅದಾದ ಮೇಲೆ ಅವರನ್ನು ‘ಅನಾತಾ’ ಅಂದೆ. ಪುಸ್ತಕದಲ್ಲಿ ‘ನೀವು’ ಅಂತ ಅರ್ಥ ಕೊಟ್ಟಿದ್ದರು. ಆದರೆ ಗಿರಾಕಿಯ ಮುಖ ನೋಡಿ ಹಾಗೆ ಅನ್ನುವುದಿಲ್ಲವಂತೆ. ಹೆಸರು ಹಿಡಿದೋ, ಕೆಲಸ ಹಿಡಿದೋ ಕರೆಯಬೇಕು, ಇಲ್ಲವೇ ಏನೂ ಅನ್ನದೆ ಮಾತು ಸಾಗಿಸಬೇಕು. ಯೋಚಿಸಿದರೆ ನಾವೂ ಹಾಗೇ ತಾನೆ? ‘ಮೇಷ್ಟ್ರು ಊಟ ಮಾಡಿದ್ರಾ’, ‘ಅಕ್ಕ, ಎಷ್ಟು ಕಾಪಿ ಬೇಕಿತ್ತು’ ಅನ್ನುತ್ತೇವೆ. ಪುಸ್ತಕ ಹಿಡಿದ ಕೂಡಲೇ ಇದೆಲ್ಲ ಮರೆತುಹೋಗುತ್ತದೆ.

ಕನ್ನಡ ಕೈಹಿಡಿಯದ ಜಾಗಗಳೂ ಇವೆ. ಹೆಸರಿಗೆ ಅಂಟಿಸುವ ‘ವಾ’ ಎಲ್ಲಿ, ‘ಗ’ ಎಲ್ಲಿ ಅನ್ನುವುದು ಇವತ್ತಿಗೂ ಅರ್ಧ ಅಂದಾಜು. ‘ಝೋ ವಾ ಹನ ಗ ನಗೈ’, ಆನೆಗೆ ಸೊಂಡಿಲು ಉದ್ದ. ಇದೊಂದು ವಾಕ್ಯ ಹಿಡಿದುಕೊಂಡು ದಸರಾ ಆನೆ ನೆನಸಿಕೊಂಡು ಉಳಿದದ್ದನ್ನೆಲ್ಲ ತೂಗುತ್ತೇನೆ. ಎಣಿಕೆ ಇನ್ನೊಂದು ತಲೆನೋವು. ಜನರನ್ನು ಎಣಿಸುವುದು ಪರವಾಗಿಲ್ಲ. ನಮ್ಮ ಒಬ್ಬ, ಇಬ್ಬರು ಥರ ಅವರಲ್ಲಿ ಹಿತೊರಿ, ಫುತಾರಿ. ಆದರೆ ಪೆನ್ಸಿಲ್ಲಿಗೆ ಒಂದು ಲೆಕ್ಕ, ಹಾಳೆಗೆ ಒಂದು ಲೆಕ್ಕ, ಬೆಕ್ಕಿಗೆ ಒಂದು ಲೆಕ್ಕ. ಪೆನ್ಸಿಲ್ ಒಂದಾದರೆ ‘ಇಪ್ಪೊನ್’, ಎರಡಾದರೆ ‘ನಿಹೊನ್’, ಮೂರಾದರೆ ‘ಸಂಬೊನ್’. ಹೊನ್, ಪೊನ್, ಬೊನ್, ಒಂದೇ ಪದ ಮೂರು ವೇಷ. ನಾನು ಅಂಗಡಿಯ ಸ್ಟಾಕ್ ಎಣಿಸುವಾಗ ಜಪಾನೀಸಿನಲ್ಲೇ ಎಣಿಸಿ ಕಲಿತೆ. ಪೆನ್ನು ಹೊನ್, ಹಾಳೆ ಮೈ, ಪುಸ್ತಕ ಸತ್ಸು. ಒಂದು ಸಲ ಸ್ಟಾಕ್ ತಪ್ಪಿ ಎರಡು ರೀಮ್ ಜಾಸ್ತಿ ತರಿಸಿದೆ, ಆ ಮಾತು ಬೇರೆ.

ಇನ್ನು ಕಾಂಜಿ. ಚೀನಾದಿಂದ ಬಂದ ಚಿತ್ರಾಕ್ಷರಗಳು. ದಿನಬಳಕೆಗೆ ಅಂತ ಅಲ್ಲಿನ ಸರ್ಕಾರ ಗೊತ್ತುಮಾಡಿರುವುದೇ 2136. ಅದರಲ್ಲಿ 1026ನ್ನು ಪ್ರೈಮರಿ ಶಾಲೆಯ ಆರು ವರ್ಷದಲ್ಲೇ ಮಕ್ಕಳು ಕಲಿಯಬೇಕು. ಬರೆದಂತೆ ಓದುವ ಕನ್ನಡದಲ್ಲಿ ಬೆಳೆದವನಿಗೆ ಇದು ದೊಡ್ಡ ಏಟು. ಭಾನುವಾರಕ್ಕೆ ‘ನಿಚಿಯೋಬಿ’ ಅನ್ನುತ್ತಾರೆ. ಮೊದಲ ಅಕ್ಷರ, ಕೊನೆಯ ಅಕ್ಷರ ಎರಡೂ ಒಂದೇ, ಸೂರ್ಯನ ಚಿತ್ರ. ಮೊದಲು ಬಂದಾಗ ‘ನಿಚಿ’, ಕೊನೆಗೆ ಬಂದಾಗ ‘ಬಿ’. ಯಾಕೆ ಅಂತ ಕೇಳಬಾರದು. ಆದರೆ ವಾರದ ಹೆಸರುಗಳೇ ನನ್ನನ್ನು ಉಳಿಸಿದವು. ಸೂರ್ಯ, ಚಂದ್ರ, ಬೆಂಕಿ, ನೀರು, ಮರ, ಲೋಹ, ಮಣ್ಣು. ಬೆಂಕಿ ಅಂದರೆ ಅವರಿಗೆ ಮಂಗಳ ಗ್ರಹ, ನೀರು ಬುಧ, ಮರ ಗುರು, ಲೋಹ ಶುಕ್ರ, ಮಣ್ಣು ಶನಿ. ನಮ್ಮ ಪಂಚಾಂಗದ ಅದೇ ಏಳು, ಅದೇ ಸಾಲು.

ಕಾಂಜಿಗೆ ನಾನು ಮಾಡಿದ್ದು ಹಳೇ ಮೇಷ್ಟ್ರ ಮದ್ದು. ಆ್ಯಪಲ್ಲಿ ನೋಡಿ ಗುರುತಿಸೋದು ಬಿಟ್ಟು ಬರೆಯೋದು. ದಿನಕ್ಕೆ ಎರಡೇ ಅಕ್ಷರ, ಒಂದೊಂದು ಇಪ್ಪತ್ತು ಸಲ, ವೇಸ್ಟ್ ಹಾಳೆಯ ಹಿಂದೆ. ಗೆರೆಗೂ ಕ್ರಮ ಇದೆ: ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ಅಡ್ಡಗೆರೆ ಮೊದಲು, ಉದ್ದಗೆರೆ ಆಮೇಲೆ. ತಪ್ಪು ಕ್ರಮದಲ್ಲಿ ಬರೆದರೂ ನೋಡಲು ಒಂದೇ ಥರ ಇರುತ್ತದೆ ಅಂತ ಮೊದಲು ಉದಾಸೀನ ಮಾಡಿದೆ. ಬೇಗ ಬರೆಯುವಾಗ ಎಲ್ಲಾ ಸೊಟ್ಟಗಾಯಿತು. ಸ್ಲೇಟಿನ ಮೇಲೆ ನಮ್ಮ ಕೈ ಹಿಡಿದು ತಿದ್ದಿಸುತ್ತಿದ್ದರಲ್ಲ, ಅದಕ್ಕೇ ಇರಬೇಕು.

ಗದ್ದೆಗೆ ಒಂದು ಕಾಂಜಿ ಇದೆ. ಚೌಕ, ನಡುವೆ ಅಡ್ಡ ಉದ್ದ ಎರಡು ಗೆರೆ. ನಾಲ್ಕು ಪಾತಿ, ನಡುವೆ ಬದು. ಮಂಡ್ಯದವನಿಗೆ ಅದನ್ನು ಯಾರಾದರೂ ವಿವರಿಸಬೇಕಾ? ಅದರ ಉಚ್ಚಾರ ‘ತ’, ಜೋಡಿ ಪದದಲ್ಲಿ ಕೆಲವು ಸಲ ‘ದ’. ಹೊಂಡಾ ಅನ್ನುವ ಮನೆತನದ ಹೆಸರಲ್ಲಿ ಇರೋದು ಆ ಗದ್ದೆಯೇ. ಮೂಲ ಗದ್ದೆ ಅಂತ. ಟೊಯೊಟಾ ಕಂಪನಿ ಕಟ್ಟಿದವರ ಮನೆತನದ ಹೆಸರಲ್ಲೂ ಗದ್ದೆ, ಸಮೃದ್ಧಿಯ ಗದ್ದೆ. ಬಿಡದಿ ಕಡೆ ಕೆಲಸ ಮಾಡುವ ಭಾಮೈದನಿಗೆ ಇದನ್ನು ಹೇಳಿದೆ. ‘ಭಾವ, ಗದ್ದೆ ಮಾರಿ ಹೊಂಡಾ ತಗೊಂಡವ್ರು ನಮ್ಮೂರಲ್ಲಿ ಹತ್ತು ಜನ ಅವ್ರೆ’ ಅಂದ. ಗದ್ದೆಯ ಕೆಳಗೆ ಬಲ ಅನ್ನುವ ಗುರುತು ಸೇರಿಸಿದರೆ ಗಂಡಸು. ಮನುಷ್ಯನ ಗುರುತು ಮರಕ್ಕೆ ಒರಗಿದರೆ ವಿಶ್ರಾಂತಿ. ನನಗೆ ಅದು ಶಾಲೆಯ ಮುಂದಿನ ಹೊಂಗೆ ಮರ.

ದಿನಚರಿ ಕೇಳುವವರಿದ್ದಾರೆ, ಹೇಳಿಬಿಡುತ್ತೇನೆ. ಬೆಳಿಗ್ಗೆ ಅಂಗಡಿ ತೆರೆದು ಮೆಷಿನ್ನು ಬಿಸಿಯಾಗುವ ತನಕ ಹಿಂದಿನ ದಿನದ್ದು ಒಂದು ಸಲ. ಮಧ್ಯಾಹ್ನ ಎರಡರಿಂದ ಮೂರೂವರೆ ಗಿರಾಕಿ ಕಮ್ಮಿ, ಆಗ ಹೊಸದು. ಪದಗಳಿಗೆ ಆಂಕಿ ಅನ್ನುವ ಉಚಿತ ತಂತ್ರಾಂಶ, ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುತ್ತದೆ. ಅದರ ಉತ್ತರದ ಜಾಗದಲ್ಲೂ ಕನ್ನಡವನ್ನೇ ಹಾಕಿಕೊಂಡೆ. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನವರ ಪುಕ್ಕಟೆ ಪಾಠಗಳಿವೆ. ಖರ್ಚು ಅಂದರೆ ಒಂದು ಪಠ್ಯಪುಸ್ತಕ, ನೋಟ್‌ಬುಕ್ಕು, ಪರೀಕ್ಷೆ ಫೀಸು, ಬೆಂಗಳೂರಿಗೆ ರೈಲು ಚಾರ್ಜು. ಅಷ್ಟೇ.

ಪರೀಕ್ಷೆಯ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಜಪಾನೀಸ್ ಎಷ್ಟು ಬರುತ್ತೆ ಅಂತ ಅಳೆಯುವ ಪರೀಕ್ಷೆ, ಜೆಎಲ್‌ಪಿಟಿ ಅಂತ. ಎನ್ 5 ಎಲ್ಲಕ್ಕಿಂತ ಸುಲಭದ್ದು, ಎನ್ 1 ಕಷ್ಟದ್ದು. 2023ರ ಡಿಸೆಂಬರ್ ಮೊದಲ ಭಾನುವಾರ ಬೆಂಗಳೂರಿನಲ್ಲಿ ಎನ್ 5 ಬರೆದೆ. ಸುತ್ತಮುತ್ತ ಎಲ್ಲ ಕಾಲೇಜು ಹುಡುಗ ಹುಡುಗಿಯರು. ಒಬ್ಬಳು ನನ್ನನ್ನು ಮೇಲ್ವಿಚಾರಕ ಅಂದುಕೊಂಡು ‘ಸರ್, ರೂಮ್ ನಂಬರ್ ಎಲ್ಲಿ’ ಅಂತ ಕೇಳಿದಳು. ಬರೆಯೋದು, ಮಾತಾಡೋದು ಏನೂ ಇಲ್ಲ, ಎಲ್ಲಾ ಸರಿಯುತ್ತರ ಗುರುತಿಸುವ ಪ್ರಶ್ನೆ. ಪದ, ವ್ಯಾಕರಣ, ಓದು ಎಲ್ಲ ನೀರು ಕುಡಿದಷ್ಟು ಸಲೀಸಾಯಿತು. ಆಮೇಲೆ ಬಂತು ಆಲಿಸುವ ಭಾಗ. ಆಡಿಯೋ ಹಾಕುವುದು ಒಂದೇ ಸಲ. ಮೊದಲ ಪ್ರಶ್ನೆ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಎರಡನೇದು ಅರ್ಧ ಮುಗಿದಿತ್ತು. ಪಿಯುಸಿಯ ಆ ಬೆಂಚು ನೆನಪಾಯಿತು, ಅರ್ಧ ನಿಮಿಷ ತಡವಾಗಿ ನಗುತ್ತಿದ್ದ ಬೆಂಚು.

ಜನವರಿಯಲ್ಲಿ ಫಲಿತಾಂಶ. 180ಕ್ಕೆ 95. ಪಾಸಾಗಲು 80 ಸಾಕು. ಆದರೂ ಫೇಲ್! ಪ್ರತಿ ಭಾಗದಲ್ಲೂ ಕನಿಷ್ಠ ಅಂಕ ಬರಬೇಕು ಅನ್ನುವ ನಿಯಮವನ್ನು ನಾನು ಸರಿಯಾಗಿ ಓದಿರಲಿಲ್ಲ. ಆಲಿಸುವುದಕ್ಕೆ 60ಕ್ಕೆ 19 ಬೇಕು, ನನಗೆ ಬಂದದ್ದು 17. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಗಳು ‘ಒಟ್ಟು ಬಂದ್ರೆ ಸಾಲ್ದಪ್ಪ, ಒಂದೊಂದು ಸಬ್ಜೆಕ್ಟಲ್ಲೂ ಬರ್ಬೇಕು, ನೀನೇ ನಂಗೆ ಹೇಳ್ತಿದ್ದಲ್ಲ’ ಅಂದಳು.

ತಪ್ಪು ಎಲ್ಲಿ ಅಂತ ಹುಡುಕಿದೆ. ವರ್ಷವೆಲ್ಲ ನಾನು ಕಲಿತದ್ದು ಮೌನವಾಗಿ. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಜೋರಾಗಿ ಓದಲು ನಾಚಿಕೆ. ಆದರೆ ಶಾಲೆಯಲ್ಲಿ ನಾವು ಮೌನವಾಗಿ ಏನನ್ನಾದರೂ ಕಲಿತದ್ದುಂಟಾ? ಕಾಗುಣಿತ, ಪದ್ಯ, ಮಗ್ಗಿ ಎಲ್ಲ ಕೂಗಿಯೇ. ‘ಎರಡೊಂದ್ಲ ಎರಡು, ಎರಡೆರಡ್ಲ ನಾಕು.’ ಜಪಾನಿನ ಮಕ್ಕಳೂ ಮಗ್ಗಿಯನ್ನು ರಾಗ ಹಾಕಿಯೇ ಹೇಳುತ್ತಾರೆ, ‘ನಿ ನಿನ್ ಗ ಶಿ’ ಅಂತ. ಅವರದು ಒಂಬತ್ತೊಂಬತ್ಲಕ್ಕೆ ನಿಲ್ಲುತ್ತದೆ, ಇಪ್ಪತ್ತರವರೆಗೆ ಹೋಗುವ ನಮ್ಮ ಹಿಂಸೆ ಅವರಿಗಿಲ್ಲ.

ಹಾಗಾಗಿ 2024ರಲ್ಲಿ ದಾರಿ ಬದಲಿಸಿದೆ. ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಏರಿ. ಕಿವಿಗೆ ಇಯರ್‌ಫೋನ್. ಅವರು ಹೇಳಿದ್ದನ್ನು ಅವರ ಬೆನ್ನಿಗೇ, ಅದೇ ಏರಿಳಿತದಲ್ಲಿ, ಜೋರಾಗಿ ಹೇಳೋದು. ಅರ್ಥ ಆಗದಿದ್ದರೂ ನಿಲ್ಲಿಸಬಾರದು. ಮೊದಲ ವಾರ ಬರೀ ತೊದಲು. ಒಂದು ತಿಂಗಳಾದ ಮೇಲೆ ಪದಗಳ ನಡುವಿನ ಸಂದು ಕೇಳಿಸತೊಡಗಿತು. ವಾಕಿಂಗ್ ಬರುವ ಹಿರಿಯರೊಬ್ಬರು ದಿನಾ ನೋಡಿ ನೋಡಿ ಕೊನೆಗೆ ತಡೆದು ‘ಯಾವ ಸ್ತೋತ್ರ ಸಾರ್ ಇದು, ಬಹಳ ಚೆನ್ನಾಗಿದೆ’ ಅಂದರು. ಅದು ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೇಳುವ ಸಂಭಾಷಣೆ. ಡಿಸೆಂಬರಿನಲ್ಲಿ ಮತ್ತೆ ಬರೆದೆ. ಆಲಿಸುವ ಭಾಗದಲ್ಲಿ 41 ಬಂತು. ಪಾಸು.

ಈ ನಡುವೆ ನನಗೆ ಹುಚ್ಚು ಹಿಡಿಸಿದ್ದು ಅವರ ಜೋಡಿ ಶಬ್ದಗಳು. ನೋಟ್‌ಬುಕ್ಕಿನ ಕೊನೆಯ ಪುಟಗಳು ಅವಕ್ಕೇ ಮೀಸಲು. ಎಡಗಡೆ ಅವರದು, ಬಲಗಡೆ ನಮ್ಮದು. ಗುರುಗುರು, ಗಿರಗಿರ. ದೊಕಿದೊಕಿ, ಡವಡವ. ಶಿತೊಶಿತೊ, ಜಿಟಿಜಿಟಿ. ಕಿರಕಿರ ಅಂದರೆ ಅವರಿಗೆ ಥಳಥಳ. ನಮಗೆ ಕಿರಿಕಿರಿ ಅಂದರೆ ಬೇರೆ, ಹುಷಾರು! ಇಂಗ್ಲಿಷ್ ಅರ್ಥ ನೋಡಿದರೆ ಒಂದೊಂದಕ್ಕೂ ಎರಡು ಸಾಲು ವಿವರಣೆ. ನಮಗೆ ಒಂದೇ ಪದ ಸಾಕು. ‘ಸರಸರ’ ಅಂತ ಒಂದು ಸಿಕ್ಕಿತು. ನಮ್ಮಲ್ಲಿ ಸರಸರ ಅಂದರೆ ಬೇಗಬೇಗ ನಡೆಯುವುದು. ಅವರ ನಿಘಂಟಿನಲ್ಲಿ ಒಣ ಎಲೆಗಳು ಒಂದಕ್ಕೊಂದು ತಾಗುವ ಸಣ್ಣ ಸದ್ದು ಅಂತಿತ್ತು. ತಾಳೆ ಆಗಲಿಲ್ಲ. ಬಲಗಡೆ ಪ್ರಶ್ನೆ ಗುರುತು ಹಾಕಿ ಬಿಟ್ಟೆ.

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ನಮ್ಮ ಹುಳುಮನೆಯಲ್ಲಿ ಈಗ ತೆಂಗಿನಕಾಯಿ ಪೇರಿಸಿಟ್ಟಿದ್ದಾರೆ. ನಾನು ಶಾಲೆಗೆ ಹೋಗುವಾಗ ಅಲ್ಲಿ ವರ್ಷಕ್ಕೆ ಐದು ಬೆಳೆ ರೇಷ್ಮೆ ಮೇಯುತ್ತಿತ್ತು. ಬೆಳಿಗ್ಗೆ ಸೊಪ್ಪು ಕೊಯ್ದು ಹಾಕಿಯೇ ಶಾಲೆಗೆ ಓಡಬೇಕು. ಕೈಯೆಲ್ಲ ಹಿಪ್ಪುನೇರಳೆ ಹಾಲಿನ ಅಂಟು, ಅದೇ ಕೈಯಲ್ಲಿ ಕಾಪಿ ಬರೆದರೆ ಪುಸ್ತಕದ ಹಾಳೆ ಅಂಟಿಕೊಳ್ಳುತ್ತಿತ್ತು. 1990ರ ದಶಕದಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ಬೆಂಬಲದಿಂದ ದ್ವಿತಳಿ, ಅಂದರೆ ಬಿಳಿ ಗೂಡು ಕಟ್ಟುವ ಹುಳುಗಳನ್ನು ಬೆಳೆಸುವ ಕೆಲಸ ಮಾಡಿದರು. ಹಳದಿ ಗೂಡು ಬೆಳೆಯುತ್ತಿದ್ದ ನಮ್ಮ ಕಡೆ ಬಿಳಿ ಗೂಡಿನ ಮಾತು ಶುರುವಾದದ್ದು ಆಗ. ‘ಜಪಾನ್ ಹುಳ’ ಅಂತಲೇ ಅಪ್ಪ ಕರೆಯುತ್ತಿದ್ದ. ಆ ಪದ ನಾನು ಮೊದಲು ಕೇಳಿದ್ದು ಭೂಗೋಳದ ಪಾಠದಲ್ಲಲ್ಲ, ನಮ್ಮನೆಯ ಹುಳು ಮೇಯುವ ತಟ್ಟೆಗಳ ನಡುವೆ.

ಅವ್ವ ಜಗಲಿಯಲ್ಲಿ ಕೂತು ಅವರೆಕಾಳು ಆರಿಸುತ್ತಿದ್ದಳು. ನೋಟ್‌ಬುಕ್ ತೆಗೆದು ಒಂದು ಕಾಂಜಿ ತೋರಿಸಿದೆ. ಮೇಲೆ ಆಕಾಶ, ಕೆಳಗೆ ಹುಳು. ರೇಷ್ಮೆ ಹುಳು. ಪಕ್ಕದಲ್ಲಿ ಇನ್ನೊಂದು, ಮರದ ಮೇಲೆ ಮೂರು ಕೈ. ಹಿಪ್ಪುನೇರಳೆ. ನನ್ನ ಕಣ್ಣಿಗೆ ಅದು ಸೊಪ್ಪು ಕೀಳುವ ಕೈಗಳೇ.

‘ಜಪಾನಲ್ಲಿ ಹುಳುಗೆ ಒಕೈಕೊ ಸಾಮ ಅಂತಾರವ್ವ. ದೇವರಿಗೆ, ದೊಡ್ಡವ್ರಿಗೆ ಹಾಕೋ ಮರ್ಯಾದೆ ಅದು. ಹುಳದಯ್ಯನೋರು ಅಂದಂಗೆ.’

‘ಮತ್ತೆ? ನಾವೇನ್ ಕಮ್ಮಿ ಮಾಡಿದ್ವಾ? ಚಪ್ಪಲಿ ಬುಟ್ಟು, ಕೈಕಾಲ್ ತೊಳ್ಕಂಡೇ ಅಲ್ವಾ ಒಳಕ್ ಹೋಯ್ತಿದ್ದುದ್ದು?’

‘ಹುಳು ಪೊರೆ ಬಿಡೋದಕ್ಕೆ ನಾವು ಜ್ವರ ಅಂತೀವಲ್ಲ, ಒಂದ್ನೇ ಜ್ವರ, ಎರಡ್ನೇ ಜ್ವರ ಅಂತ. ಅವ್ರು ಅದಕ್ಕೆ ನಿದ್ದೆ ಅಂತಾರೆ.’

ಅವ್ವ ಕಾಳು ಆರಿಸುವುದು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದಳು. ‘ಅದೂ ಸರೀನೆ ಕನ. ತಲೆ ಎತ್ಕಂಡು ಹಂಗೇ ಮನೀಕತಿದ್ದೊ. ನಾಕ್ನೇ ಜ್ವರ ಎದ್ಮೇಲೆ ನೋಡ್ಬೇಕಿತ್ತು, ಸೊಪ್ ಹಾಕಿ ಬಾಗ್ಲು ಹಾಕುದ್ರೆ ಸಾಕು, ರಾತ್ರಿಯೆಲ್ಲ ಸರಸರ ಸರಸರ ಅಂತ, ಮಳೆ ಹುಯ್ದಂಗೆ. ನೀನು ಅದ್ನ ಕೇಳ್ಕಂಡೇ ನಿದ್ದೆ ಮಾಡ್ತಿದ್ದೆ.’

ಪೆನ್ನು ಚೀಲದಲ್ಲಿತ್ತು. ಕೊನೆಯ ಪುಟ ತೆಗೆದು, ಪ್ರಶ್ನೆ ಗುರುತು ಹೊಡೆದು ಹಾಕಿ, ಬಲಗಡೆಯೂ ‘ಸರಸರ’ ಅಂತಲೇ ಬರೆದೆ.